ಎಡಗೈ ತೋರುಬೆರಳು

ದೀಪದ ಗಾಜಿನೊಳಗೆ ಒಂದು ಸಣ್ಣ ನೊಣ ಸತ್ತು ಬಿದ್ದಿದೆ, ಅದು ಯಾವಾಗ ಒಳಗೆ ಹೋಯಿತೋ, ಹೊರಗೆ ಬರುವ ದಾರಿ ಯಾಕೆ ಸಿಗಲಿಲ್ಲವೋ, ಎಷ್ಟು ಜನ ಈ ಕುರ್ಚಿಯಲ್ಲಿ ಹೀಗೇ ಅಂಗಾತ ಮಲಗಿ ಬಾಯಿ ತೆರೆದುಕೊಂಡು ಅದನ್ನೇ ನೋಡಿದ್ದಾರೋ, ಇನ್ನೂ ಸ್ವಲ್ಪ ತೆರೀರಿ ಶೈಲಶ್ರೀಯವರೇ, ಹಾಂ, ಸಾಕು ಸಾಕು, ಡಾಕ್ಟರ್ ಭವ್ಯಶ್ರೀಯ ಕಣ್ಣು ಮಾತ್ರ ಕಾಣುತ್ತಿದೆ, ಉಳಿದ ಮುಖವೆಲ್ಲ ಮಾಸ್ಕು, ಸಣ್ಣ ಯಂತ್ರವೊಂದು ನನ್ನ ಹಲ್ಲಿನ ಬುಡದಲ್ಲಿ ಕಿರ್ರ್ ಎನ್ನುತ್ತಿದೆ, ಬಾಯಿತುಂಬ ತಣ್ಣೀರು, ಆ ನೀರನ್ನು ನರ್ಸ್ ಕುಸುಮ ಒಂದು ಕೊಳವೆಯಿಂದ ಸೊರಸೊರ ಎಳೆಯುತ್ತಿದ್ದಾಳೆ, ಕೊಳವೆಯಲ್ಲಿ ಹೋಗುತ್ತಿರುವುದು ಗುಲಾಬಿ ಬಣ್ಣದ ನೀರು, ಅದು ನನ್ನ ರಕ್ತ, ನೋಡಬಾರದು ಅಂದುಕೊಂಡೇ ನೋಡುತ್ತೇನೆ. ನೋವಾದ್ರೆ ಎಡಗೈ ಎತ್ತಿ ಆಯ್ತಾ, ನಾನು ಕೂಡಲೇ ನಿಲ್ಲಿಸ್ತೇನೆ, ಬಾಯಿ ತುಂಬ ಸಾಮಾನಿರುವಾಗ ಮಾತಾಡ್ಲಿಕ್ಕಂತೂ ಆಗುದಿಲ್ಲ, ಎಂದು ಅವರು ಮೊದಲೇ ಹೇಳಿದ್ದಾರೆ. ಎಡಗೈಯೇ ಯಾಕೆ, ಬಲಗೈ ಎನ್ನಬಾರದಿತ್ತೇ — ಎಡಗೈಯನ್ನು ನಾನು ಓಢಣಿಯ ಕೆಳಗೆ ಅಡಗಿಸಿ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದೇನೆ, ಐದು ತಿಂಗಳ ಹೊಟ್ಟೆ, ಒಳಗೆ ಅದು ಆಗಾಗ ಮಗ್ಗುಲು ಬದಲಿಸುತ್ತದೆ, ಯಂತ್ರದ ಸದ್ದು ಅದಕ್ಕೂ ಕೇಳುತ್ತದೆಯೋ ಏನೋ. ಕೆಳಗೆ ಸದಾಶಿವ ಪೇಠದ ರಸ್ತೆ, ರಿಕ್ಷಾದವರ ಹಾರನ್ನು, ಎದುರಿನ ಕಟ್ಟಡದಲ್ಲಿ ನಾನು ಪಾಠ ಹೇಳುವ ಕೋಚಿಂಗ್ ಕ್ಲಾಸು, ನಾಲ್ಕು ಗಂಟೆಯ ಬ್ಯಾಚು ಈಗ ನನ್ನನ್ನು ಕಾಯುತ್ತಿರುತ್ತದೆ, ಇಲ್ಲ, ಇವತ್ತು ರಜೆ ಹಾಕಿದ್ದೇನೆ, ಮರೆತಿದ್ದೆ.

ಅರ್ಧ ಗಾಜಿನ ಗೋಡೆಯ ಆಚೆ ನನ್ನ ಗಂಡ ಚನ್ನವೀರ ಕೂತಿದ್ದಾನೆ, ಅವನ ತೊಡೆಯ ಮೇಲೆ ನನ್ನ ಬ್ಯಾಗು, ಬ್ಯಾಗನ್ನು ಯಾಕೆ ಕೊಟ್ಟೆನೋ ನನ್ನ ಬುದ್ಧಿಗೆ ಏನು ಹೇಳಲಿ, ತಾ ಇಲ್ಲಿ ನಾ ಹಿಡಕೋತೀನಿ ಅಂದ, ಕೊಟ್ಟುಬಿಟ್ಟೆ. ಅರ್ಧ ತಾಸಿನ ಹಿಂದೆ ಫಾರಂ ತುಂಬಿಸುವಾಗಲೂ ಅವನೇ ಮುಂದೆ, ಹೆಂಡತಿಗೆ ಬಾಯಿ ನೋಯುತ್ತದಲ್ಲ, ಉತ್ತರ ಕೊಡುವ ಕೆಲಸ ಇವನದು. ಶುಗರ್ ಉಂಟಾ ಎಂದು ಡಾಕ್ಟರ್ ಕೇಳಿದರು, ಹೌದ್ರಿ, ಈ ಸಲ ಬಸುರಿದ್ದಾಗ ಬಂದದ, ಹೆರಿಗಿ ಡಾಕ್ಟರ್ರು ರಿಪೋರ್ಟ್ ನೋಡಿ, ವಸಡಿನ್ಯಾಗ ರಕ್ತ ಬರ್ತದಂದ್ರ ಮೊದಲ ಅದನ್ನ ತೋರಿಸಿ ಬರ್ರಿ ಅಂದ್ರು. ಮನೆಯಲ್ಲಿ ಯಾರಿಗಾದ್ರೂ? ಇವರಪ್ಪಗ ಭಾಳ ಇತ್ರಿ, ನಲವತ್ತೈದಕ್ಕ ಹಲ್ಲೆಲ್ಲಾ ಉದುರಿದ್ವು, ಆಮ್ಯಾಲೆ ಕಾಲು ಹೋತು. ನನ್ನಪ್ಪನ ಬಾಯಿ ಇವನ ಬಾಯಲ್ಲಿ ಎಷ್ಟು ಸಲೀಸಾಗಿ ಬಂತು, ಹಲ್ಲಿಲ್ಲದ ಅಪ್ಪ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನೆನೆಸಿ ತಿನ್ನುತ್ತಿದ್ದ. ಮತ್ತೆ ತಂಬಾಕು ಎಂದರು ಡಾಕ್ಟರ್, ಬರೆಯುತ್ತಲೇ, ತಲೆ ಎತ್ತದೆ. ಚನ್ನವೀರ ನಕ್ಕ. ಏ ಇಲ್ರಿ ಡಾಕ್ಟರ, ನಮ್ಮ ಮನ್ಯಾಗ ಬೀಡಿ ಇಲ್ಲ, ಗುಟಕಾ ಇಲ್ಲ, ಅಂಥಾದ್ದೆಲ್ಲಾ ಇಲ್ಲೇ ಇಲ್ರಿ, ಈಕಿ ಮಾಸ್ತರಿಣಿ ಇದ್ದಾಳ. ನಾನೂ ನಕ್ಕೆ, ಓಢಣಿ ಬಾಯಿಗೆ ಅಡ್ಡ ಹಿಡಿದು ಮರ್ಯಾದೆಯ ಹೆಂಗಸಿನ ಹಾಗೆ ನಕ್ಕೆ, ಡಾಕ್ಟರ್ ಇಲ್ಲ ಎಂಬ ಚೌಕದಲ್ಲಿ ಗುರುತು ಹಾಕಿದರು.

ಅವನು ಸುಳ್ಳು ಹೇಳಲಿಲ್ಲ, ಅದೇ ತಮಾಷೆ. ಪ್ರತಿ ತಿಂಗಳು ಪೇಟೆಗೆ ಹೋಗಿ ತಂಬಾಕಿನ ಎಲೆ ತರುವವನು ಅವನೇ, ಅವ್ವನ ಹಲ್ಲುಪುಡಿಗೆ ಎಂದು ತರುತ್ತಾನೆ, ನಮ್ಮತ್ತೆ ಕಾಶವ್ವ ಅದನ್ನು ಹಂಚಿನ ಮೇಲೆ ಕಪ್ಪಗಾಗುವವರೆಗೆ ಹುರಿದು, ಕುಟ್ಟಿ, ಜರಡಿ ಹಿಡಿದು ಡಬ್ಬಿ ತುಂಬುತ್ತಾಳೆ, ಅದು ಮಿಶ್ರಿ, ಓಣಿಯ ಅರ್ಧ ಹೆಂಗಸರು ಬೆಳಗಾಗೆದ್ದು ಅದರಲ್ಲೇ ಹಲ್ಲುಜ್ಜುತ್ತಾರೆ, ಅದನ್ನು ಯಾರಾದರೂ ತಂಬಾಕು ಎನ್ನುತ್ತಾರೆಯೇ, ತಂಬಾಕು ಅಂದರೆ ಗಂಡಸರು ಅಂಗೈಯಲ್ಲಿ ತಿಕ್ಕಿ ಬಾಯಿಗೆ ಒಗೆಯುವುದು, ಇದು ಹಲ್ಲುಪುಡಿ, ಉಪ್ಪು-ಇದ್ದಿಲಿನ ಹಾಗೆ. ಮದುವೆಯಾಗಿ ಬಂದ ಮೂರನೇ ತಿಂಗಳಿಗೆ ನನ್ನ ಬುದ್ಧಿಹಲ್ಲು ಹೊರಟಿತು, ದವಡೆ ಬಾತು ಗೋಡೆಗೆ ತಲೆ ಒತ್ತಿಕೊಂಡು ಕೂತಿದ್ದೆ, ಅತ್ತೆ ಹತ್ತಿರ ಬಂದಳು, ತಡಿ ನನ್ನವ್ವ, ಒಂದ್ ಚಿಟಿಕಿ ಹಚ್ಚು, ಉಣ್ಣೂ ಕೈ ಬ್ಯಾಡ, ಎಡಗೈ ಬೊಟ್ಟಿಲೆ ಹಚ್ಚು, ನೋವು ಹಾರಿಹೋಗ್ತದ ನೋಡು. ಹಚ್ಚಿದೆ. ತಲೆ ಗಿರ್ರೆಂದಿತು, ಕೈಕಾಲು ತಣ್ಣಗಾದವು, ಆಮೇಲೆ ನೋವು ನಿಜವಾಗಿಯೂ ಹಾರಿಹೋಯಿತು, ಅತ್ತೆ ನನ್ನ ತಲೆ ಸವರುತ್ತ ನಗುತ್ತಿದ್ದಳು. ತಾಯಿ ಇಲ್ಲದವಳು ನಾನು, ನನ್ನ ತಲೆ ಯಾರೂ ಹಾಗೆ ಸವರಿರಲಿಲ್ಲ. ಅಂದಿನಿಂದ ಮಧ್ಯಾಹ್ನ ಗಂಡಸರಿಲ್ಲದ ಹೊತ್ತಿನಲ್ಲಿ ನಾವಿಬ್ಬರೂ ಹಿತ್ತಿಲ ಗ್ಯಾಲರಿಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂತು, ಕೆಳತುಟಿಯೊಳಗೆ ಒಂದು ಚಿಟಿಕೆ ಇಟ್ಟುಕೊಂಡು, ಊರಿನ ಸುದ್ದಿ, ನೆಂಟರ ಸುದ್ದಿ. ಗಂಡಸರ ಮುಂದ ಯಾಕ, ನೀ ಕಲತಾಕಿ, ಅವಗ ಹೇಳಬ್ಯಾಡ, ಅಂದಳು. ನಾನು ಹೇಳಲಿಲ್ಲ. ಒಂದು ಚಿಟಿಕೆ ನಾಲ್ಕಾಯಿತು, ಆರಾಯಿತು, ಕ್ಲಾಸಿಗೆ ಹೋಗುವಾಗಲೂ ಬೇಕಾಯಿತು, ಕುಂಕುಮದ ಡಬ್ಬಿಯಲ್ಲಿ ತುಂಬಿಕೊಂಡೆ, ಆ ಡಬ್ಬಿ ಈಗ ಚನ್ನವೀರನ ತೊಡೆಯ ಮೇಲಿನ ಬ್ಯಾಗಿನಲ್ಲಿದೆ.

ಐದು, ಆರು, ಐದು, ಕುಸುಮಾ ಬರ್ಕೊಳ್ಳಿ, ಇಲ್ಲಿ ಏಳು. ಯಂತ್ರ ನಿಂತಿದೆ, ಈಗ ಚೂಪಾದ ಕಡ್ಡಿಯೊಂದು ಹಲ್ಲಿಗೂ ವಸಡಿಗೂ ನಡುವೆ ಇಳಿದು ಆಳ ಅಳೆಯುತ್ತಿದೆ, ಮೂರರವರೆಗೆ ಇದ್ರೆ ಪರವಾಗಿಲ್ಲ ಶೈಲಶ್ರೀಯವರೇ, ಏಳು ಮಿಲಿಮೀಟರ್ ಅಂದ್ರೆ ಒಳಗೆ ಎಲುಬು ಕರಗ್ತಾ ಉಂಟು, ಹೀಗೆ ಎಲ್ಲಾ ಹಲ್ಲಿನ ಸುತ್ತ ಇರುವ ಗಾಯವನ್ನು ಬಿಡಿಸಿ ಹಾಸಿದ್ರೆ ನಿಮ್ಮ ಅಂಗೈ ಅಷ್ಟಾಗ್ಬಹುದು, ಕೈಯಲ್ಲಿ ಅಷ್ಟು ದೊಡ್ಡ ಹುಣ್ಣಿದ್ರೆ ಸುಮ್ನೆ ಇರ್ತಿದ್ರಾ, ಬಾಯೊಳಗೆ ಅಂತ ಕಾಣುದಿಲ್ಲ ಅಷ್ಟೆ. ಕೀವು, ಕ್ರಿಮಿ ಎಲ್ಲ ರಕ್ತಕ್ಕೆ ಸೇರ್ತದೆ, ಶುಗರ್ ಜಾಸ್ತಿಯಾದ್ರೆ ವಸಡು ಹಾಳು, ವಸಡು ಹಾಳಾದ್ರೆ ಶುಗರ್ ಕೇಳುದಿಲ್ಲ, ಒಂದನ್ನೊಂದು ಎಳೆದಾಡ್ತವೆ, ತಂದೆಯದ್ದೂ ಸ್ವಲ್ಪ ಬಂದಿರ್ಬಹುದು. ಅವರ ದನಿ ಗದರುವುದಲ್ಲ, ಇವರ ತಂದೆ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರಂತೆ, ಗಿರಾಕಿ ತಿಂಡಿ ಬಿಟ್ಟರೆ ಯಾಕೆ ಬಿಟ್ಟಿರಿ ಎಂದು ಕೇಳುವ ದನಿ. ಮತ್ತೆ ಹಿಂದಿನ ಹೆರಿಗೆ ಬೇಗ ಆಯ್ತಲ್ಲ, ಎಂದರು, ನಾನು ನೊಣವನ್ನು ನೋಡಿದೆ. ವಸಡಿನ ರೋಗ ಇದ್ದವರಲ್ಲಿ ಹಾಗಾಗುವುದು ಜಾಸ್ತಿ ಅಂತ ಕಂಡಿದ್ದಾರೆ, ಆದ್ರೆ ಅದರಿಂದಲೇ ಆಯ್ತು ಅಂತ ಯಾರೂ ಹೇಳ್ಲಿಕ್ಕೆ ಆಗುದಿಲ್ಲ, ಹತ್ತು ಕಾರಣ ಇರ್ತದೆ, ನೀವು ತಲೆಗೆ ಹಚ್ಚಿಕೊಳ್ಬೇಡಿ. ಯಾರೂ ಹೇಳಲಾರರು. ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ, ಹತ್ತು ಕಾರಣ, ಹತ್ತರಲ್ಲಿ ನನ್ನದು ಒಂದು, ಅಥವಾ ಅದೂ ಅಲ್ಲ, ಕಾಶವ್ವ ಹೇಳಲಿಲ್ಲವೇ, ಇದರಿಂದೇನಾಗಂಗಿಲ್ಲ ಬಿಡ, ನಾ ನಾಕು ಹಡದೀನಿ. ನಾಲ್ಕು ಹೆತ್ತಳು. ಎರಡು ಉಳಿದವು. ಎರಡನೆಯ ಮಾತನ್ನೂ ಅವಳೇ ಹೇಳಿದ್ದಳು, ಹೂ ಕಟ್ಟುತ್ತ, ಅಕ್ಕಿಯಲ್ಲಿ ಕಲ್ಲು ಸಿಕ್ಕಿತು ಎನ್ನುವಷ್ಟು ಹಗುರಾಗಿ, ಅದನ್ನು ನಾನು ಕೇಳಿಸಿಕೊಂಡಿರಲಿಲ್ಲ, ಈಗ ಕೇಳಿಸುತ್ತಿದೆ.

ಹನ್ನೊಂದು ದಿನ ಬದುಕಿದಳು ನನ್ನ ಮಗಳು. ಏಳನೇ ತಿಂಗಳಿಗೇ ಬಂದಳು, ಒಂದು ಕಿಲೋದ ಮೇಲೆ ನೂರು ಗ್ರಾಮು, ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಳು, ಮೂಗಿಗೆ ನಳಿಕೆ, ಹೆಸರಿಡಲಿಲ್ಲ, ಕೈಗೆ ಕಟ್ಟಿದ ಪಟ್ಟಿಯಲ್ಲಿ ನನ್ನದೇ ಹೆಸರು. ಅತ್ತಾಗ ಬಾಯಿ ತೆರೆಯುತ್ತಿದ್ದಳು, ದನಿ ಕೇಳುತ್ತಿರಲಿಲ್ಲ, ಹಲ್ಲಿಲ್ಲದ ಎಳೆ ವಸಡು ಮಾತ್ರ ಕಾಣುತ್ತಿತ್ತು, ಎಷ್ಟು ಕೆಂಪು, ಎಷ್ಟು ಚೊಕ್ಕ. ಅಲ್ಲಿನ ನರ್ಸು ಮರಾಠಿಯಲ್ಲಿ ಹೇಳಿದಳು, ಆಯೀ, ಬೋಟ ದ್ಯಾ, ಬೆರಳು ಕೊಡಮ್ಮ, ಅವಳು ಹಿಡಿದುಕೊಳ್ಳುತ್ತಾಳೆ. ನನ್ನ ಬಲಗೈಗೆ ಸಲಾಯಿನ್ ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದರು, ಎಡಗೈ ಕೊಟ್ಟೆ. ಗುಂಡನೆಯ ಕಿಂಡಿಯಲ್ಲಿ ತೋರುಬೆರಳು ಒಳಗೆ ಹೋಯಿತು, ಅವಳ ಐದು ಬೆರಳು ಅದರ ಸುತ್ತ ಮುಚ್ಚಿಕೊಂಡವು, ಬಟಾಣಿ ಬಳ್ಳಿಯ ಕುಡಿಯಷ್ಟು ಸಣ್ಣ ಬೆರಳು, ಆದರೂ ಏನು ಬಿಗಿ, ಬಿಡಿಸಿಕೊಳ್ಳಲಾಗದಷ್ಟು ಬಿಗಿ. ಉಗುರಿನ ಸಂದಿಯಲ್ಲಿ ಕಪ್ಪು ಗೆರೆ. ಮೂರು ಸಲ ಸೋಪು ಹಚ್ಚಿದ್ದೆ, ಹೋಗಿರಲಿಲ್ಲ. ಯಾಕೆಂದರೆ ಅದಕ್ಕೆ ಹತ್ತು ನಿಮಿಷದ ಮೊದಲು ಆಸ್ಪತ್ರೆಯ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು, ಹೌದು, ಅಲ್ಲಿಯೂ, ಮಗಳು ಗಾಜಿನೊಳಗೆ ಉಸಿರಿಗೆ ಒದ್ದಾಡುವಾಗ ಅವಳ ತಾಯಿ ಬಚ್ಚಲಲ್ಲಿ ನಿಂತು ವಸಡಿಗೆ ತಿಕ್ಕುತ್ತಿದ್ದಳು, ಬೇಡ ಬೇಡ ಎನ್ನುತ್ತಲೇ, ಅಳುತ್ತಲೇ, ತಿಕ್ಕುತ್ತಿದ್ದಳು, ನಾನು ಎಂಥವಳು.

ಮತ್ತೆ ಯಂತ್ರ, ಈಗ ಕೆಳಗಿನ ಸಾಲು. ಹತ್ತನೆಯ ತರಗತಿಯ ವಿಜ್ಞಾನ ಹೇಳುವವಳು ನಾನು, ಬೋರ್ಡಿನ ಮೇಲೆ ನನ್ನ ಅಕ್ಷರ ನೋಡಬೇಕು, ಮುತ್ತಿನಂತೆ ಬರೆಯುತ್ತೇನೆ, ತಂಬಾಕಿನಿಂದಾಗುವ ಹಾನಿ, ರಕ್ತನಾಳ ಕುಗ್ಗುತ್ತದೆ, ಭ್ರೂಣಕ್ಕೆ ರಕ್ತ ಕಡಿಮೆಯಾಗುತ್ತದೆ, ಹುಟ್ಟುವ ಮಗುವಿನ ತೂಕ ಇಳಿಯುತ್ತದೆ, ಬರೆದುಕೊಳ್ಳಿ, ಪರೀಕ್ಷೆಗೆ ಬರುತ್ತದೆ. ಬೋರ್ಡಿನ ಕಡೆ ಮುಖ ಮಾಡಿದಾಗ ಕೆಳತುಟಿಯೊಳಗೆ ಚಿಟಿಕೆ ಇದ್ದೇ ಇರುತ್ತಿತ್ತು, ನಾಲಿಗೆಯಿಂದ ಅದನ್ನು ಒತ್ತಿಕೊಂಡು ಭ್ರೂಣ ಎಂದು ಬರೆಯುತ್ತಿದ್ದೆ. ಗೊತ್ತಿರಲಿಲ್ಲ ಎಂದು ಕಾಶವ್ವ ಹೇಳಬಹುದು, ಚನ್ನವೀರ ಹೇಳಬಹುದು, ನಾನು ಮಾತ್ರ ಹೇಳುವ ಹಾಗಿಲ್ಲ. ಈ ಸಲ ಬಸುರಿ ಎಂದು ಗೊತ್ತಾದ ದಿನವೇ ಬಿಟ್ಟೆ, ಎರಡು ದಿನ ಬಿಟ್ಟೆ, ತಲೆ ಸಿಡಿಯಿತು, ಕ್ಲಾಸಿನ ಮಕ್ಕಳ ಮೇಲೆ ಚೀರಿದೆ, ಮೂರನೆಯ ದಿನ ವಸಡಿನಿಂದ ರಕ್ತ ಬಂತು, ಬಿಟ್ಟದ್ದಕ್ಕೇ ಬಂತು ಅಂತ ಮತ್ತೆ ಹಚ್ಚಿದೆ. ಇವತ್ತು ಬೆಳಿಗ್ಗೆಯೂ.

ಯಂತ್ರ ತಟ್ಟನೆ ನಿಲ್ಲುತ್ತದೆ. ಡಾಕ್ಟರ್ ಕೆಳತುಟಿಯನ್ನು ಹೊರಕ್ಕೆ ಮಡಚಿ, ದೀಪ ಕೆಳಗೆ ಎಳೆದು ನೋಡುತ್ತಿದ್ದಾರೆ, ತುಂಬ ಹೊತ್ತು ನೋಡುತ್ತಾರೆ, ಇಲ್ಲಿ ಚರ್ಮ ಬೆಳ್ಳಗೆ ಸುಕ್ಕಾಗಿದೆ, ಒಂದೇ ಜಾಗದಲ್ಲಿ, ಇಲ್ಲಿ ಏನಾದ್ರೂ ಇಟ್ಟುಕೊಳ್ತೀರಾ? ನನ್ನ ಬಾಯಲ್ಲಿ ಅವರ ಎರಡು ಬೆರಳು, ಕುಸುಮಳ ಕೊಳವೆ. ಆಚೆಯಿಂದ ಚನ್ನವೀರ, ಲವಂಗ ಇಟಗೋತಾಳ್ರಿ, ಹಲ್ಲು ನೋಯಸ್ತಾವಲ್ಲ. ಲವಂಗ, ಎನ್ನುತ್ತಾರೆ ಡಾಕ್ಟರ್, ನಂಬಿದ ದನಿಯೋ ನಂಬದ ದನಿಯೋ ತಿಳಿಯುವುದಿಲ್ಲ, ಕಣ್ಣು ಮಾತ್ರ ನನ್ನ ಕಣ್ಣಲ್ಲೇ ಇದೆ. ಹೆರಿಗೆ ಡಾಕ್ಟರಿಗೆ ನಾನೊಂದು ಚೀಟಿ ಬರೀಬೇಕು, ಏನಿದ್ರೂ ಹೇಳಿಬಿಟ್ರೆ ಅವರಿಗೆ ಗೊತ್ತಾಗ್ತದೆ ಎಲ್ಲಿ ಜಾಸ್ತಿ ನೋಡ್ಬೇಕು ಅಂತ, ಹೋದ ವಾರದ ಸ್ಕ್ಯಾನಲ್ಲಿ ಮಗು ಸ್ವಲ್ಪ ಸಣ್ಣ ಅಂತ ಬಂದಿದೆಯಲ್ಲ, ಇನ್ನೂ ನಾಲ್ಕು ತಿಂಗಳು ಉಂಟು, ಬಿಡುವುದನ್ನು ಬಿಡ್ಲಿಕ್ಕೆ ಈಗಲೂ ಹೊತ್ತು ಮೀರಿಲ್ಲ, ಬಿಡ್ಲಿಕ್ಕೆ ನಾವು ಸಹಾಯ ಮಾಡ್ತೇವೆ. ಬಿಡುವುದನ್ನು ಅಂದರು. ಗೊತ್ತಾಗಿದೆಯೇ, ಗೊತ್ತಾಗಿಲ್ಲವೇ. ಸಾವಧಾನವಾಗಿ ಮತ್ತೆ ಯಂತ್ರ ಹಚ್ಚುತ್ತಾರೆ. ಹಿಂದಿನ ಹೆರಿಗೆಯ ಫೈಲ್ ತಂದಿದ್ದೀರಾ, ಸ್ವಲ್ಪ ತೆಗೆದಿಡಿ ಸರ್, ಎನ್ನುತ್ತಾರೆ, ಅದು ಚನ್ನವೀರನಿಗೆ.

ಫೈಲ್ ಬ್ಯಾಗಿನ ತಳದಲ್ಲಿದೆ. ಅದರೊಳಗೆ ಇನ್ನೊಂದು ಹಾಳೆಯೂ ಇದೆ, ಅದು ಆಸ್ಪತ್ರೆಯದಲ್ಲ, ಅವನದು. ಚಾಕಣದ ಕಾರ್ಖಾನೆಯಲ್ಲಿ ಬಿರುಕುಬಿಟ್ಟ ಬಿಡಿಭಾಗ ಹುಡುಕುವುದು ಅವನ ಕೆಲಸ, ಒಂದು ಭಾಗ ಕೆಟ್ಟರೆ ಯಾಕೆ ಕೆಟ್ಟಿತು ಎಂದು ಐದು ಸಲ ಕೇಳಿ ಬರೆಯಬೇಕಂತೆ, ಯಾಕೆ, ಅದು ಯಾಕೆ, ಅದಾದರೂ ಯಾಕೆ, ಐದನೆಯ ಯಾಕೆಗೆ ನಿಜವಾದ ತಪ್ಪು ಸಿಗುತ್ತದಂತೆ. ಮಗಳು ಹೋದ ವಾರ ಅವನು ಕಾರ್ಖಾನೆಯ ಅದೇ ಹಾಳೆಯಲ್ಲಿ ಬರೆದಿದ್ದ, ಬೇಗ ಯಾಕೆ ಹುಟ್ಟಿತು, ನೋವು ಬೇಗ ಬಂತು, ನೋವು ಯಾಕೆ ಬಂತು, ದೇಹ ಅಲುಗಿತು, ಯಾಕೆ ಅಲುಗಿತು, ಚಾಕಣದ ರಸ್ತೆ ಕೆಟ್ಟಿತ್ತು, ಅಲ್ಲಿಗೆ ಯಾಕೆ ಹೋದರು, ಗೆಳೆಯನ ಹೊಸ ಮನೆಯ ವಾಸ್ತುಶಾಂತಿಗೆ ಸ್ಕೂಟರ್ ಮೇಲೆ, ಸ್ಕೂಟರ್ ಮೇಲೆ ಯಾಕೆ. ಐದನೆಯ ಗೆರೆಯಲ್ಲಿ ಒಂದೇ ಶಬ್ದ, ನಾನು. ಮರುದಿನ ಸ್ಕೂಟರ್ ಮಾರಿದ, ಎರಡು ವರ್ಷದಿಂದ ಬೆಳಿಗ್ಗೆ ಐದೂವರೆಗೆ ಎದ್ದು ಕಂಪನಿ ಬಸ್ಸಿಗೆ ನಡೆದು ಹೋಗುತ್ತಾನೆ, ಈ ಸಲ ನಾನು ಬಸುರಿ ಎಂದು ತಿಳಿದ ದಿನ ರಿಕ್ಷಾದವನಿಗೆ ಕೈ ಮುಗಿದು ಹೇಳುತ್ತಿದ್ದ, ಹಳು ಚಲಾ ಭಾವು, ಹಳು ಹಳು, ಮೆಲ್ಲಗೆ ಹೋಗಪ್ಪಾ, ಮೆಲ್ಲಗೆ. ಆ ಹಾಳೆಯನ್ನು ನಾನು ಓದಿದೆ. ಓದಿ ಹಾಗೇ ಮಡಚಿ ಫೈಲಿನಲ್ಲಿಟ್ಟೆ. ಸ್ಕೂಟರ್ ಅಲ್ರಿ ಎಂದು ಹೇಳಲಿಲ್ಲ, ನನಗೆ ಹಗುರಾಯಿತು, ನಾಚಿಕೆ ಬಿಟ್ಟು ಹೇಳಬೇಕೆಂದರೆ ಆ ಹೊತ್ತಿಗೆ ನನ್ನ ಮೈ ಹಗುರಾಯಿತು, ತಪ್ಪು ಅವನ ಹೆಸರಿಗೆ ಬರೆದಾಗಿತ್ತಲ್ಲ. ಈಗ ಹೇಳಿದರೆ ಮಗಳ ಮಾತಷ್ಟೇ ಅಲ್ಲ, ಆ ಎರಡು ವರ್ಷದ ಮಾತೂ ಹೇಳಬೇಕು, ಅವ್ವನ ಮುಖ ಅವನು ಹೇಗೆ ನೋಡುತ್ತಾನೆ, ನನ್ನ ಮುಖ ಹೇಗೆ ನೋಡುತ್ತಾನೆ, ಬೇಡ, ಮನೆಗೆ ಹೋಗಿ ಹೇಳುತ್ತೇನೆ, ಇಲ್ಲ ಸುಮ್ಮನೆ ಬಿಟ್ಟುಬಿಡುತ್ತೇನೆ, ಹೇಳದೆಯೂ ಬಿಡಬಹುದು. ಎರಡು ದಿನ ಬಿಟ್ಟಿದ್ದೆನಲ್ಲ.

ಗಾಜಿನಾಚೆ ಅವನು ಬ್ಯಾಗಿನ ಸಾಮಾನು ಒಂದೊಂದೇ ಹೊರಗೆ ಇಡುತ್ತಿದ್ದಾನೆ, ನೀರಿನ ಬಾಟಲಿ, ನನ್ನ ಕನ್ನಡಕ, ಕರವಸ್ತ್ರ, ಸಣ್ಣ ಹಿತ್ತಾಳೆಯ ಡಬ್ಬಿ. ಡಬ್ಬಿಯನ್ನು ಬೆಂಚಿನ ಮೇಲೆ ಇಡಲು ಹೋಗಿ ತಡೆದ, ಕುಂಕುಮ ಎಂದುಕೊಂಡ, ಕೂರುವ ಜಾಗದ ಮೇಲೆ ಇಡಬಾರದಲ್ಲ, ಅಂಗಿಯ ತುದಿಯಿಂದ ಅದನ್ನು ಒರೆಸಿದ, ಕಣ್ಣಿಗೆ ಒತ್ತಿಕೊಂಡ, ಎಡ ಅಂಗೈಯಲ್ಲಿ ಜೋಪಾನವಾಗಿ ಹಿಡಿದುಕೊಂಡೇ ಬಲಗೈಯಿಂದ ಫೈಲ್ ಹುಡುಕುತ್ತಿದ್ದಾನೆ. ಕಣ್ಣಿಗೆ ಒತ್ತಿಕೊಂಡ. ಅದನ್ನು ಕಣ್ಣಿಗೆ ಒತ್ತಿಕೊಂಡ. ಬಾಯಿತುಂಬ ನೀರು, ಕುಸುಮ ಎಳೆಯುತ್ತಾಳೆ, ಗುಲಾಬಿ ನೀರು, ಒಳಗೆ ಅದು ಒದೆಯುತ್ತದೆ, ಇಷ್ಟು ದಿನ ಮಗ್ಗುಲು ಬದಲಿಸುತ್ತಿದ್ದದ್ದು ಇವತ್ತು ಒದೆಯುತ್ತದೆ, ಓಢಣಿಯ ಕೆಳಗೆ ಸರಿಯಾಗಿ ಎಡಗೈ ಇಟ್ಟಲ್ಲೇ, ಸಣ್ಣ ಇದ್ದಾನೋ ಇದ್ದಾಳೋ, ಸಣ್ಣ ಅಂದರೆ ಎಷ್ಟು ಸಣ್ಣ, ಒಂದು ಕಿಲೋದ ಮೇಲೆ ನೂರು ಗ್ರಾಮು, ಐದು ಬೆರಳು, ಬಟಾಣಿ ಬಳ್ಳಿ.

ಕೈ ಮೇಲೆ ಹೋಗುತ್ತಿದೆ, ನಾನು ಎತ್ತಿದೆನೋ ಅದೇ ಎದ್ದಿತೋ, ಎಡಗೈ ದೀಪದ ಬೆಳಕಿಗೆ ಬಂದಿದೆ. ಯಂತ್ರ ನಿಂತಿತು. ನೋವಾಯ್ತಾ, ಎಲ್ಲಿ ನೋವು ಎನ್ನುತ್ತಾರೆ ಡಾಕ್ಟರ್, ಕೊಳವೆ ಹೊರಗೆ ಬಂತು, ಬಾಯಿ ಖಾಲಿಯಾಯಿತು, ತುಟಿ ಮರಗಟ್ಟಿದೆ, ತಲೆ ಅಲ್ಲಾಡಿಸುತ್ತೇನೆ, ನೋವಲ್ಲ. ಚನ್ನವೀರ ಎದ್ದು ಗಾಜಿನ ಗೋಡೆಯ ಹತ್ತಿರ ಬಂದಿದ್ದಾನೆ, ಏನಾತು ಶೈಲಾ, ಏನಾತು, ಅಂಗೈಯಲ್ಲಿ ಇನ್ನೂ ಡಬ್ಬಿ. ಲವಂಗ ಅಲ್ರಿ ಡಾಕ್ಟರ, ಎನ್ನುತ್ತೇನೆ, ನನ್ನ ದನಿ ಯಾರದೋ ದನಿಯ ಹಾಗಿದೆ, ಆಮೇಲೆ ಅವನ ಕಡೆ ಹೊರಳಿ, ಸ್ಕೂಟರ್ ಒಂದ ಅಲ್ರಿ, ಅದೊಂದ ಅಲ್ಲ, ಡಬ್ಬಿ ತೆಗದು ನೋಡ್ರಿ. ಏನಂದಿ, ಎನ್ನುತ್ತಾನೆ. ತೆಗೀರಿ. ಅವನ ಹೆಬ್ಬೆರಳು ಮುಚ್ಚಳದ ಮೇಲೆ ಬಂತು, ಮುಚ್ಚಳ ಬಿಗಿ ಇದೆ, ನಾನೇ ಬೆಳಿಗ್ಗೆ ಬಿಗಿಯಾಗಿ ಹಾಕಿದ್ದೆ, ಅವನು ತಿರುವುತ್ತಿದ್ದಾನೆ, ಅದನ್ನು ನೋಡಲಾರೆ, ನೊಣವನ್ನು ನೋಡುತ್ತೇನೆ, ನೊಣ ಕಾಣುವುದಿಲ್ಲ, ನಡುವೆ ನನ್ನ ಬೆರಳು, ಇನ್ನೂ ಕೆಳಗಿಳಿಸಿಲ್ಲ, ಉಗುರಿನ ಸಂದಿಯಲ್ಲಿ ಕಪ್ಪು ಗೆರೆ, ಅದರ ಸುತ್ತ ಐದು ಬೆರಳು, ಬಿಗಿಯಾಗಿ, ಐದು ಬೆರಳು, ಬಿಡುತ್ತಿಲ್ಲ